ಭೀಮನಿಲ್ಲದ ಏಕಚಕ್ರಪುರ

ಹುಡುಗನ ನೋಟುಪುಸ್ತಕದ ಮೊದಲ ಪುಟದಲ್ಲೇ ನ್ಯೂಯಾರ್ಕ್ ಮುಳುಗಿತ್ತು. ಎರಡನೇ ಪುಟದಲ್ಲಿ ಅಣುಬಾಂಬು. ಮೂರನೇ ಪುಟಕ್ಕೆ ಬರುವಾಗ ಜ್ಯಾಕ್ ಎಂಬ ಹದಿನೈದರ ಹುಡುಗ, ಬೆನ್ನಿಗೆ ಬಿಲ್ಲು, ಕೈಯಲ್ಲಿ ಟಾರ್ಚು, ಕುಸಿದ ಕಟ್ಟಡಗಳ ನಡುವೆ ಒಬ್ಬನೇ ನಡೆಯುತ್ತಿದ್ದ. ಬರೆದವನು ಒಂಬತ್ತನೇ ಕ್ಲಾಸು, ಕಾಸರಗೋಡಿನ ಪೂರ್ವದ ಗುಡ್ಡದ ಕಡೆಯವನು, ಮಂಗಳೂರು ದಾಟಿ ಹೋದವನಲ್ಲ. “ಡಿಸ್ಟೋಪಿಯನ್ ಕಾದಂಬರಿ ಟೀಚರ್” ಎಂದು ಕೈಗೆ ಕೊಟ್ಟ.

“ಜ್ಯಾಕ್ ಮೂರು ದಿನದಿಂದ ನಡೀತಾ ಇದ್ದಾನಲ್ಲ, ನೀರು ಎಲ್ಲಿ ಕುಡಿದ?” ಎಂದು ಕೇಳಿದೆ.

ಅದನ್ನು ಅವನು ಯೋಚಿಸಿರಲಿಲ್ಲ.

“ನಿಮ್ಮ ಮನೆಗೆ ನೀರು ಎಲ್ಲಿಂದ?”

“ಸುರಂಗದಿಂದ.” ಅದರಲ್ಲೇನು ವಿಶೇಷ ಎನ್ನುವ ಹಾಗೆ ನೋಡಿದ.

ಬೇಸಿಗೆ ರಜೆಯಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಕಥೆ ಬರೆಸುವ ಕೆಲಸ ನನ್ನದು. ಹಿಂದೆಲ್ಲ ಪತ್ತೇದಾರಿ, ದೆವ್ವ ಬರೆಯುತ್ತಿದ್ದರು. ಈಗ ಅರ್ಧಕ್ಕರ್ಧ ಮಕ್ಕಳು ಬರೆಯುವುದು ಇದನ್ನೇ: ಹಾಳಾದ ಮುಂದಿನ ಕಾಲ, ಕ್ರೂರ ಸರ್ಕಾರ, ಕಾಡಿನಲ್ಲಿ ಓಡುವ ಹುಡುಗ ಹುಡುಗಿಯರು. ಅವರ ಹೆತ್ತವರು ಸಿಕ್ಕಿದಾಗ ಕೇಳುತ್ತಾರೆ, “ಇದೆಂಥ ಓದು ಮಾರಾಯ್ರೆ, ಸಾಯುವುದು ಕೊಲ್ಲುವುದು ಬಿಟ್ರೆ ಬೇರೆ ಎಂಥ ಉಂಟು ಅದರಲ್ಲಿ?” ಅವರಿಗೆ ಉತ್ತರ ಕೊಡಬೇಕು. ಬರೆಯಹೊರಟ ಮಕ್ಕಳಿಗೂ ಈ ಕಥೆಯ ಒಳಗಿನ ಯಂತ್ರ ಹೇಗೆ ತಿರುಗುತ್ತದೆ ಎಂದು ಬಿಚ್ಚಿ ತೋರಿಸಬೇಕು. ಬಿಚ್ಚಲು ನ್ಯೂಯಾರ್ಕಿಗೆ ಹೋಗುವ ಅಗತ್ಯವಿಲ್ಲ.

ಮೊದಲು ಹೆಸರಿನ ವಿಚಾರ ಮುಗಿಸಿಬಿಡುವ. 1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ತನ್ನ ಕಲ್ಪನೆಯ ದ್ವೀಪವೊಂದಕ್ಕೆ ‘ಯುಟೋಪಿಯಾ’ ಎಂದು ಹೆಸರಿಟ್ಟ. ಗ್ರೀಕಿನಿಂದ ಬಿಡಿಸಿದರೆ ‘ಎಲ್ಲೂ ಇಲ್ಲದ ಊರು’, ಕಿವಿಗೆ ಮಾತ್ರ ‘ಒಳ್ಳೆಯ ಊರು’ ಎಂದೂ ಕೇಳುತ್ತದೆ. ಇದಕ್ಕೆ ಎದುರಾದ ಮಾತನ್ನು 1868ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎತ್ತಿದ. ಚರ್ಚೆ ಐರ್ಲೆಂಡಿನದ್ದು. ನೀವು ತರಲು ಹೊರಟಿರುವುದು ಜಾರಿಗೆ ತರಲು ಸಾಧ್ಯವೇ ಇಲ್ಲದಷ್ಟು ಕೆಟ್ಟದ್ದು ಎಂದು ಸರ್ಕಾರದವರನ್ನು ಚುಚ್ಚಲು ‘ಡಿಸ್ಟೋಪಿಯನ್ನರು’ ಎಂದ. ಪದವನ್ನು ಅವನು ಬಳಸಿದ್ದು ಹೀಗೆ, ಆಡಳಿತದ ಮೇಲಿನ ಜಗಳದಲ್ಲಿ. ಪ್ರಳಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಕನ್ನಡದಲ್ಲಿ ‘ಕೇಡುನಾಡು’ ಎಂದು ಹೇಳಿ ನೋಡಿದೆ. “ಕಾಸರಗೋಡು, ಕೇಡುನಾಡು, ಪ್ರಾಸ ಚಂದ ಉಂಟು ಟೀಚರ್” ಎಂದು ಮಕ್ಕಳು ನಕ್ಕರು. ಡಿಸ್ಟೋಪಿಯಾ ಎಂದೇ ಇರಲಿ.

ಆ ಹೊಸ ಹೆಸರಿನ ಕಥೆ ನಮಗೆ ಹೊಸತಲ್ಲ. ನಮ್ಮ ಅಜ್ಜಿಯಂದಿರು ಊಟ ಮಾಡಿಸುವಾಗ ಹೇಳಿದ್ದೇ, ಬಕಾಸುರನ ಕಥೆ. ಅದನ್ನು ಭೀಮನ ಕಡೆಯಿಂದ ಕೇಳಿ ಕೇಳಿ ನಮಗೆ ರೂಢಿಯಾಗಿದೆ: ಬಂಡಿ ಅನ್ನ, ಭೀಮನ ಹಸಿವು, ಬೆನ್ನಿಗೆ ರಾಕ್ಷಸ ಗುದ್ದುತ್ತಿದ್ದರೂ ತಿರುಗಿ ನೋಡದೆ ಉಣ್ಣುವ ಭೀಮ. ಮಕ್ಕಳು ನಗುವುದು ಅಲ್ಲಿ. ಈಗ ಅದೇ ಕಥೆಯನ್ನು ಊರಿನವರ ಕಡೆಯಿಂದ ನೋಡಿ.

ಏಕಚಕ್ರಪುರದ ಹೊರಗೆ ಬಕನಿದ್ದಾನೆ. ಅವನು ಸುಮ್ಮನೆ ನುಗ್ಗಿ ಸಿಕ್ಕಿದವರನ್ನು ತಿನ್ನುವುದಿಲ್ಲ. ಒಂದು ಒಪ್ಪಂದವಿದೆ. ಸರದಿಯ ಪ್ರಕಾರ ಒಂದೊಂದು ಮನೆಯವರು ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಅದನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯನನ್ನು ಕೊಡಬೇಕು. ಅದಕ್ಕೆ ಬದಲಾಗಿ ಹೊರಗಿನ ಶತ್ರುಗಳಿಂದ ಊರಿಗೆ ಬಕನ ರಕ್ಷಣೆ. ರಾಜನೊಬ್ಬ ಇದ್ದಾನೆ, ಆದರೆ ವೇತ್ರಕೀಯ ಎಂಬ ಬೇರೆ ಕಡೆ ಕೂತಿದ್ದಾನೆ, ಕೈಲಾಗದವನು. ತಪ್ಪಿಸಿಕೊಳ್ಳಲು ನೋಡಿದ ಮನೆಯನ್ನು ಬಕ ಹೆಂಡತಿ ಮಕ್ಕಳ ಸಮೇತ ತಿನ್ನುತ್ತಾನೆ. ಸರದಿ ಒಂದು ಮನೆಗೆ ಬರುವುದು ಎಷ್ಟೋ ವರ್ಷಕ್ಕೊಮ್ಮೆ. ಹಾಗಾಗಿ ಉಳಿದ ದಿನ ಊರು ಊರಿನ ಹಾಗೇ ಇರುತ್ತದೆ. ಸಂತೆ, ಮದುವೆ, ಭಿಕ್ಷೆಗೆ ಬಂದ ಪಾಂಡವರಿಗೆ ಒಳ್ಳೆಯ ಮಾತು, ಎಲ್ಲವೂ ಉಂಟು.

ನನಗೆ ಈ ಕಥೆಯಲ್ಲಿ ಬಕನಿಗಿಂತ ಹೆದರಿಕೆ ಹುಟ್ಟಿಸುವುದು ಆ ಸಂತೆ, ಆ ಮದುವೆ. ಮಹಾಭಾರತದ ಮೂಲದಲ್ಲಿ ಇನ್ನೊಂದು ಸಣ್ಣ ವಿವರವಿದೆ, ಅಜ್ಜಿಯಂದಿರು ಬಿಟ್ಟುಬಿಡುವಂಥದ್ದು. ಬಕ ಸತ್ತ ಮರುದಿನ ಊರಿನವರು ಹೆಣ ನೋಡಿ ಬೆರಗಾಗುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ: ನಿನ್ನೆ ಸರದಿ ಯಾರದ್ದಿತ್ತು? ಯಾರ ಮನೆಯಿಂದ ಯಾವತ್ತು ಎಂಬುದು ಊರಿಗೆಲ್ಲ ಅಷ್ಟು ಬಾಯಿಪಾಠ. ರೇಷನ್ ಅಂಗಡಿಯ ಕ್ಯೂ ಹಾಗೆ.

ಡಿಸ್ಟೋಪಿಯಾ ಎಂದರೆ ಇದು. ಬಾಂಬು ಬಿದ್ದು ಊರು ಸುಟ್ಟರೆ ಅದು ಅನಾಹುತ. ಸುಟ್ಟ ಊರಿನಲ್ಲಿ ಉಳಿದವರು ಸೇರಿ ಒಂದು ನಿಯಮ ಮಾಡಿ, ಆ ನಿಯಮಕ್ಕೆ ಒಂದು ಕಾರಣ ಕೊಟ್ಟು, ಆ ಕಾರಣವನ್ನು ಮಕ್ಕಳಿಗೆ ಪಾಠ ಮಾಡಿ, ಹತ್ತು ವರ್ಷದ ನಂತರ ಯಾರೂ ಅದನ್ನು ಪ್ರಶ್ನಿಸದ ಸ್ಥಿತಿಗೆ ಬಂದರೆ ಆಗ ಡಿಸ್ಟೋಪಿಯಾ. ನಿಯಮಕ್ಕೆ ಕೊಟ್ಟ ಕಾರಣ ಕೇಳಲು ನ್ಯಾಯವಾಗಿಯೇ ಇರಬೇಕು. ಸಿಕ್ಕ ಸಿಕ್ಕವರೆಲ್ಲ ಸಾಯುವುದಕ್ಕಿಂತ ಸರದಿ ಮೇಲಲ್ಲವೇ? ಓದುಗನಿಗೆ ಒಂದು ಕ್ಷಣವಾದರೂ ‘ಹೌದಲ್ಲ’ ಎನಿಸದಿದ್ದರೆ ಕಥೆ ನಿಲ್ಲುವುದಿಲ್ಲ.

ಈಗ ಇನ್ನೊಂದು ವಿವರ. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ಗಂಡ ನಾನು ಹೋಗುತ್ತೇನೆ ಎನ್ನುತ್ತಾನೆ, ಹೆಂಡತಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ, ದೊಡ್ಡವರ ಹಾಗೆಯೇ ವಾದ ಕಟ್ಟಿ ಹೇಳುತ್ತಾಳೆ. ಎಲ್ಲರೂ ಅಳುತ್ತಿರುವಾಗ ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಎತ್ತಿಕೊಂಡು, ಇದರಿಂದ ಆ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಅಳುವಿನ ನಡುವೆ ಎಲ್ಲರಿಗೂ ನಗು ಬರುತ್ತದೆ. ಅಷ್ಟರಲ್ಲಿ ಬಾಗಿಲಲ್ಲಿ ಕುಂತಿ. ಆಮೇಲಿನದ್ದು ಗೊತ್ತೇ ಇದೆ.

ಕುಂತಿ ಬಾರದಿದ್ದರೆ? ಭೀಮ ಆ ಮನೆಯಲ್ಲಿ ತಂಗಿರದಿದ್ದರೆ? ಆ ಮಗಳು ಅಥವಾ ಹುಲ್ಲುಕಡ್ಡಿಯ ಆ ಮಗ, ಹತ್ತು ವರ್ಷ ದೊಡ್ಡವನಾಗಿ, ಬಂಡಿ ಹೊಡೆದುಕೊಂಡು ಊರಿನ ಹೊರಗೆ ಹೋಗಬೇಕಾಗಿ ಬಂದರೆ? ಹದಿಹರೆಯದವರಿಗಾಗಿ ಬರೆಯುವ ಡಿಸ್ಟೋಪಿಯನ್ ಸಾಹಸ ಕಾದಂಬರಿ ಹುಟ್ಟುವುದು ಅಲ್ಲಿಂದ. ಮಕ್ಕಳಿಗೆ ನಾನು ಹೇಳುವ ವ್ಯಾಖ್ಯಾನ ಇಷ್ಟೇ: ಭೀಮ ತಂಗಿರದ ಮನೆಯ ಕಥೆ.

ಪಶ್ಚಿಮದಲ್ಲೂ ಬೇರು ಇಂಥದ್ದೇ. ಈ ಬಗೆಯ ಕಾದಂಬರಿಗಳಿಗೆ ಜಗತ್ತಿನಾದ್ಯಂತ ಹುಚ್ಚು ಹಿಡಿಸಿದ ‘ಹಂಗರ್ ಗೇಮ್ಸ್’ ಬಂದದ್ದು 2008ರಲ್ಲಿ. ಲೇಖಕಿ ಸುಝಾನ್ ಕಾಲಿನ್ಸ್ ತನಗೆ ಎಳೆ ಸಿಕ್ಕಿದ್ದು ಗ್ರೀಕರ ಥೀಸಿಯಸ್ ಕಥೆಯಿಂದ ಎಂದು ಹೇಳಿಕೊಂಡಿದ್ದಾರೆ. ಅಥೆನ್ಸಿನವರು ಕ್ರೀಟ್ ದ್ವೀಪದ ಗೂಳಿಮೋರೆಯ ರಾಕ್ಷಸನಿಗೆ ಏಳು ಹುಡುಗರು, ಏಳು ಹುಡುಗಿಯರನ್ನು ಕಳಿಸಬೇಕಿತ್ತು. ಅಲ್ಲಿಯೂ ಸರದಿ, ಅಲ್ಲಿಯೂ ಒಪ್ಪಂದ. ಕಾದಂಬರಿಯಲ್ಲಿ ಸಾಯುವವರೆಗೆ ಹೊಡೆದಾಡುವ ಆಟಕ್ಕೆ ಕಳಿಸಲು 12ರಿಂದ 18 ವರ್ಷದವರ ಹೆಸರಿನ ಚೀಟಿ ಎತ್ತುತ್ತಾರೆ. ಆದರೆ ಕಥೆಯ ನಿಜವಾದ ವಿಷ ಚೀಟಿಯಲ್ಲಿಲ್ಲ, ಅದರ ಕೆಳಗಿನ ಸಣ್ಣ ಅಕ್ಷರದಲ್ಲಿದೆ. ಬಡ ಮನೆಯ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ಹೆಚ್ಚಾಗಿ ಹಾಕಿಸಿಕೊಂಡು, ಒಂದು ಹೆಚ್ಚಿನ ಚೀಟಿಗೆ ಒಬ್ಬರಿಗೆ ಒಂದು ವರ್ಷಕ್ಕಾಗುವಷ್ಟು ಧಾನ್ಯ ಮತ್ತು ಎಣ್ಣೆ ಪಡೆಯಬಹುದು. ಚೀಟಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತವೆ.

ಇದನ್ನು ವಿವರಿಸಿದಾಗ ನಮ್ಮ ಮಕ್ಕಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಕೇರಳದಲ್ಲಿ ರೇಷನ್ ಕಾರ್ಡಿಗೆ ಬಣ್ಣವುಂಟು: ಹಳದಿ, ಗುಲಾಬಿ, ನೀಲಿ, ಬಿಳಿ. ಯಾರ ಮನೆಯಲ್ಲಿ ಯಾವ ಬಣ್ಣ ಎಂದು ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು. “ಹಳದಿ ಕಾರ್ಡಿನವರ ಚೀಟಿ ಜಾಸ್ತಿ ಇರ್ತದೆ ಅಲ್ವಾ ಟೀಚರ್?” ಎಂದು ಒಬ್ಬಳು ಕೇಳಿದಳು. ನಿಜದ ಹಳದಿ ಕಾರ್ಡು ಅತಿ ಬಡವರಿಗೆ ಅಕ್ಕಿ ತಲುಪಿಸುವ ಒಳ್ಳೆಯ ವ್ಯವಸ್ಥೆ, ಅದರಲ್ಲಿ ಯಾರ ಜೀವವೂ ಅಡವಿಲ್ಲ. ಅದಕ್ಕೆ ಒಂದೇ ಒಂದು ಷರತ್ತು ಸೇರಿಸಿ, ಕಾದಂಬರಿ ಸಿದ್ಧ. ಆ ಒಂದು ಷರತ್ತನ್ನು ಕಂಡುಹಿಡಿಯುವುದೇ ಬರೆಯುವವರ ಕೆಲಸದ ಅರ್ಧ.

ಯಾಕೆ ಹದಿಹರೆಯದವರೇ? ಬಿಲ್ಲು ಹಿಡಿದು ಓಡಲು ಮೈಯಲ್ಲಿ ಕಸುವಿದೆ ಎಂದು ಮಾತ್ರವಲ್ಲ. ದೊಡ್ಡವರು ಸರದಿಗೆ ಹೊಂದಿಕೊಂಡಾಗಿದೆ, ಅವರ ಕೈಯಲ್ಲಿ ಕಾರಣಗಳ ಪಟ್ಟಿ ಇದೆ. ತೀರಾ ಸಣ್ಣ ಮಕ್ಕಳಿಗೆ ನಿಯಮವೊಂದು ಇದೆ ಎಂದೇ ಗೊತ್ತಿಲ್ಲ. ಹದಿನಾಲ್ಕು ಹದಿನೈದು ಎಂದರೆ ನಿಯಮ ಮೊದಲ ಸಲ ನಮ್ಮ ಹೆಸರು ಹಿಡಿದು ಕರೆಯುವ ವಯಸ್ಸು. ಎಸ್ಸೆಸ್ಸೆಲ್ಸಿ ಎದುರಿಗಿರುತ್ತದೆ. ಕಾಸರಗೋಡಿನ ಕನ್ನಡದ ಮಕ್ಕಳಿಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ, ಮುಂದಿನ ಓದು ಗಡಿಯ ಈಚೆಯೋ ಆಚೆಯೋ, ಯಾವ ಭಾಷೆಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯ ಕಾಗದ ಮಲಯಾಳದಲ್ಲಿ ಬಂದಾಗ ಅಪ್ಪನಿಗೆ ಓದಿ ಹೇಳುವವರು ಈ ಮಕ್ಕಳೇ. ಲೋಕದ ನಿಯಮಗಳನ್ನು ಮನೆಯವರಿಗೆ ಅನುವಾದ ಮಾಡಿಕೊಡುವ ಮಗುವಿಗೆ ಡಿಸ್ಟೋಪಿಯಾ ಏನೆಂದು ವಿಸ್ತರಿಸಿ ಹೇಳಬೇಕಿಲ್ಲ.

ಬರವಣಿಗೆಯ ಎರಡು ತೊಡಕು ಇಲ್ಲೇ ಹೇಳಿಬಿಡುತ್ತೇನೆ, ಎರಡೂ ಪ್ರತಿ ವರ್ಷ ಬರುವಂಥವು. ಇಂಗ್ಲಿಷಿನ ಇಂಥ ಕಾದಂಬರಿಗಳು ಬಹಳಷ್ಟು ‘ನಾನು’ ಎಂದು, ವರ್ತಮಾನ ಕಾಲದಲ್ಲಿ ನಡೆಯುತ್ತವೆ. ಮಕ್ಕಳು ಅದನ್ನೇ ಕನ್ನಡಕ್ಕೆ ಎಳೆಯುತ್ತಾರೆ: “ನಾನು ಓಡುತ್ತೇನೆ. ನಾನು ಬೀಳುತ್ತೇನೆ. ನಾನು ಏಳುತ್ತೇನೆ.” ಓದಿದರೆ ಪ್ರತಿಜ್ಞೆ ಸ್ವೀಕರಿಸಿದ ಹಾಗಿದೆ. ನಮ್ಮ ‘ಓಡುತ್ತೇನೆ’ಗೆ ಈಗ ಓಡುವುದೂ ಅರ್ಥ, ನಾಳೆ ಓಡುವುದೂ ಅರ್ಥ, ದಿನಾ ಬೆಳಿಗ್ಗೆ ಓಡುವುದೂ ಅರ್ಥ. ‘ಓಡುತ್ತಿದ್ದೇನೆ’ ಎಂದರೆ ಐದು ಅಕ್ಷರ ಮುಗಿಯುವಷ್ಟರಲ್ಲಿ ಹುಲಿ ಬಂದು ಹಿಡಿದಿರುತ್ತದೆ. “ಓಡಿದೆ. ಬಿದ್ದೆ. ಎದ್ದೆ.” ಕನ್ನಡದಲ್ಲಿ ವೇಗವಿರುವುದು ಭೂತಕಾಲಕ್ಕೆ. ‘ನಾನು’ ಕೂಡ ಬೇಡ, ಕ್ರಿಯಾಪದದಲ್ಲೇ ಅಡಗಿ ಕೂತಿದೆ.

ಎರಡನೆಯದು ಪೀಠಿಕೆ. ತಾಳಮದ್ದಳೆ ಕೇಳಿ ಬೆಳೆದ ಊರು ನಮ್ಮದು, ಯಕ್ಷಗಾನದ ಪಿತಾಮಹ ಎನ್ನುವ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ನೆಲ. ಹಾಗಾಗಿ ನಮ್ಮ ಮಕ್ಕಳ ನಾಯಕ ರಂಗಕ್ಕೆ ಬಂದವನೇ ತನ್ನ ಕುಲ, ಗೋತ್ರ, ಲೋಕದ ಇತಿಹಾಸ, ಸರ್ಕಾರದ ಸ್ವರೂಪ ಎಲ್ಲ ಅರ್ಧ ಗಂಟೆ ಅರ್ಥ ಹೇಳುತ್ತಾನೆ. ಆಟದಲ್ಲಿ ಅದು ಸೊಗಸು, ಕಾದಂಬರಿಯಲ್ಲಿ ಓದುಗ ಎದ್ದು ಚಹಾ ಕುಡಿಯಲು ಹೋಗುತ್ತಾನೆ. ಲೋಕದ ನಿಯಮವನ್ನು ಯಾರೂ ವಿವರಿಸಬಾರದು, ಅದು ಎಡವಿದಾಗ ಕಾಲಿಗೆ ತಾಗಬೇಕು. ತಂಗಿ ಎರಡನೇ ಲೋಟ ನೀರಿಗೆ ಕೈ ಹಾಕುತ್ತಾಳೆ, ಅಮ್ಮ ಕೈ ಹಿಡಿಯುತ್ತಾಳೆ, ಇಬ್ಬರೂ ಬಾಗಿಲ ಕಡೆ ನೋಡುತ್ತಾರೆ. ಸಾಕು. ಆ ಊರಿನಲ್ಲಿ ನೀರಿಗೆ ಲೆಕ್ಕವಿದೆ, ಲೆಕ್ಕ ಇಡುವವರು ಬಾಗಿಲಿನ ಆಚೆ ಇದ್ದಾರೆ.

ನೀರಿನ ಮಾತು ಬಂತಲ್ಲ. ಈ ಕಾದಂಬರಿಗಳ ಇನ್ನೊಂದು ಕಾಲು ಬದುಕುಳಿಯುವುದು. ನಿಯಮದಿಂದ ತಪ್ಪಿಸಿಕೊಂಡು ಹೊರಗೆ ಬಿದ್ದ ಮೇಲೆ ಮೈ ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಕಾಡಿನಲ್ಲಿ ಬದುಕುವುದನ್ನು ಕಲಿಸುವವರು ಒಂದು ಸ್ಥೂಲ ಲೆಕ್ಕ ಹೇಳುತ್ತಾರೆ: ಗಾಳಿಯಿಲ್ಲದೆ ಮೂರು ನಿಮಿಷ, ನೀರಿಲ್ಲದೆ ಮೂರು ದಿನ, ಊಟವಿಲ್ಲದೆ ಮೂರು ವಾರ. ಕಾದಂಬರಿಕಾರನಿಗೆ ಇದು ಪಂಚಾಂಗ. ಯಾವ ಅಧ್ಯಾಯ ಎಷ್ಟು ಉದ್ದವಿರಬಹುದು ಎಂದು ಇದೇ ಹೇಳುತ್ತದೆ. ಜ್ಯಾಕ್ ಮೂರು ದಿನ ನೀರಿಲ್ಲದೆ ನಡೆದು ನಾಲ್ಕನೇ ದಿನ ಬಿಲ್ಲು ಎತ್ತಿ ಗುರಿ ಹಿಡಿಯುವುದು ಆಗದ ಮಾತು.

ನಮ್ಮ ಜಿಲ್ಲೆಯಲ್ಲಿ ಹರಿಯುವ ಹೊಳೆಗಳು ಹನ್ನೆರಡು ಎಂದು ಲೆಕ್ಕ. ಜೂನಿನಿಂದ ಸುರಿಯುವ ಮಳೆಗೆ ಬಟ್ಟೆ ಒಣಗುವುದಿಲ್ಲ. ಆದರೂ ಏಪ್ರಿಲ್ ಬಂದರೆ ಕೊಡಪಾನ ಹಿಡಿದು ನಿಲ್ಲುವವರು ನಾವೇ. ಇಳಿಜಾರಿನ ಗುಡ್ಡ, ತೂತು ತೂತಾದ ಮುರಕಲ್ಲು, ಬಿದ್ದ ನೀರು ನಿಲ್ಲದೆ ಇಳಿದು ಕಡಲಿಗೆ ಹೋಗುತ್ತದೆ. ಅದನ್ನು ಗುಡ್ಡದ ಹೊಟ್ಟೆಯಲ್ಲೇ ಹಿಡಿಯಲು ನಮ್ಮ ಹಿರಿಯರು ಕಂಡುಕೊಂಡ ದಾರಿ ಸುರಂಗ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲ. ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಹೋದರೆ ಒಂದೇ ಮನೆಯ ಗುಡ್ಡದಲ್ಲಿ ಎರಡು ಮೂರು ಸಿಗುವುದುಂಟು.

ಮಕ್ಕಳನ್ನು ಒಂದು ದಿನ ಸುರಂಗದ ಬಾಯಿಯವರೆಗೆ ಕರೆದುಕೊಂಡು ಹೋದೆ, ಒಳಗೆ ಬಿಡಲಿಲ್ಲ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನಿಲ್ಲುವಷ್ಟೇ ಎತ್ತರ, ಭುಜ ಎರಡೂ ಕಡೆ ಗೋಡೆಗೆ ಉಜ್ಜುವಷ್ಟೇ ಅಗಲ. ಉದ್ದವನ್ನು ಕೋಲಿನಲ್ಲಿ ಹೇಳುತ್ತಾರೆ, ಒಂದು ಕೋಲು ಎಂದರೆ ಎರಡೂವರೆ ಅಡಿಗೆ ಸ್ವಲ್ಪ ಕಡಿಮೆ. ಒಳಗಿನಿಂದ ತಣ್ಣಗಿನ ಮಣ್ಣಿನ ವಾಸನೆ. ನೆಲದಲ್ಲಿ ಹೆಬ್ಬೆರಳು ದಪ್ಪದ ನೀರು ಸದ್ದಿಲ್ಲದೆ ಹರಿದು ಬಂದು ಅಡಿಕೆ ಮರದ ದಂಬೆಗೆ ಬೀಳುತ್ತಿತ್ತು, ದಂಬೆಯಿಂದ ಮಣ್ಣಿನ ಕಟ್ಟೆಯ ಕೆರೆಗೆ. ಪಂಪಿಲ್ಲ, ಕರೆಂಟಿಲ್ಲ, ಹಗ್ಗವಿಲ್ಲ. ಸರ್ಕಾರ ಬಿದ್ದರೂ ಬರುತ್ತದೆ, ಎಂದ ಒಬ್ಬ. ಅವನ ಕಾದಂಬರಿ ಅಲ್ಲೇ ಶುರುವಾಯಿತು ಎಂದು ನನಗೆ ಗೊತ್ತಾಯಿತು.

ಸುರಂಗ ತೋಡುವವರು ದೀಪ ಒಯ್ಯುತ್ತಾರೆ. ಬೆಳಕಿಗೆ ಎಂದು ನಾವು ತಿಳಿಯುತ್ತೇವೆ, ಅದಕ್ಕೆ ಇನ್ನೊಂದು ಕೆಲಸವುಂಟು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು. ಅದು 16–17ರ ಹತ್ತಿರಕ್ಕೆ ಇಳಿದಾಗ ಮೇಣದ ಬತ್ತಿ ಉರಿಯಲಾರದು. ಆ ಗಾಳಿಯಲ್ಲಿ ಮನುಷ್ಯ ತಕ್ಷಣ ಬೀಳುವುದಿಲ್ಲ, ನಿಂತಿರುತ್ತಾನೆ, ಆದರೆ ಬುದ್ಧಿ ಮಂಕಾಗಲು ಶುರುವಾಗಿರುತ್ತದೆ. ತನಗೆ ಏನೋ ಆಗುತ್ತಿದೆ ಎಂಬುದು ಅವನಿಗೇ ಹೊಳೆಯುವುದಿಲ್ಲ, ದೀಪಕ್ಕೆ ಹೊಳೆಯುತ್ತದೆ. ಒಂದು ಅಧ್ಯಾಯದ ಉಸಿರು ಬಿಗಿಹಿಡಿಸಲು ಇದಕ್ಕಿಂತ ಬೇರೆ ರಾಕ್ಷಸ ಬೇಕೇ? ಕತ್ತಲು, ಒಂದು ಜ್ವಾಲೆ, ಅದು ಸಣ್ಣದಾಗುತ್ತಿರುವುದನ್ನು ನೋಡುತ್ತಿರುವ ಹುಡುಗ.

ಊಟದ ಕಥೆಯೂ ಹೀಗೆಯೇ. ಮಕ್ಕಳ ನಾಯಕರು ಕಾಡಿಗೆ ಹೋದೊಡನೆ ‘ಹಣ್ಣು ಹಂಪಲು’ ತಿನ್ನುತ್ತಾರೆ. ಯಾವ ಹಣ್ಣು? ನಮ್ಮ ಗುಡ್ಡದಲ್ಲಿ ಏಪ್ರಿಲಿಗೆ ಗೇರುಹಣ್ಣು, ಕಾಟುಮಾವು, ಪುನರ್ಪುಳಿ. ಜುಲೈಗೆ ಹಣ್ಣಿಲ್ಲ, ಕೆಸು ಉಂಟು, ಕಣಿಲೆ ಉಂಟು. ಕೆಸುವಿಗೆ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ. ಕಣಿಲೆಯನ್ನು ಹೆಚ್ಚಿ ದಿನಗಟ್ಟಲೆ ನೀರು ಬದಲಾಯಿಸುತ್ತಾ ನೆನೆಸಿಡುವುದು ರುಚಿಗೆ ಮಾತ್ರವಲ್ಲ, ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ಹಸಿ ಗೇರುಬೀಜವನ್ನು ಹಲ್ಲಿನಲ್ಲಿ ಒಡೆದರೆ ಸಿಪ್ಪೆಯ ಎಣ್ಣೆ ತಾಗಿ ತುಟಿ ಸುಟ್ಟು ಹೋಗುತ್ತದೆ, ಸುಟ್ಟು ತಿನ್ನಬೇಕು, ಸುಟ್ಟರೆ ಹೊಗೆ, ಹೊಗೆ ಕಂಡರೆ ಹುಡುಕುವವರು ಬರುತ್ತಾರೆ. ನೋಡಿ, ಒಂದು ಗೇರುಬೀಜದಲ್ಲಿ ಒಂದು ಇಡೀ ಅಧ್ಯಾಯ. ಇದನ್ನೆಲ್ಲ ನಾನು ಹೇಳಿಕೊಟ್ಟದ್ದಲ್ಲ, ಮಕ್ಕಳ ಅಜ್ಜಿಯಂದಿರಿಗೆ ಗೊತ್ತಿದ್ದದ್ದು. ಈ ಜಾತಿಯ ಕಾದಂಬರಿಗೆ ಗೂಗಲ್ಲಿಗಿಂತ ಅಜ್ಜಿ ಮೇಲು.

ಗೇರಿನ ಮಾತು ಎತ್ತಿದ ಮೇಲೆ ಇನ್ನೊಂದನ್ನು ಬಿಡುವ ಹಾಗಿಲ್ಲ. ಹುಡುಗನ ನೋಟುಪುಸ್ತಕದ ಆರನೇ ಪುಟದಲ್ಲಿ ರಾಕ್ಷಸರು ಬರುತ್ತಾರೆ. ವಿಷಗಾಳಿಯಿಂದ ಮೈ ವಿಕಾರವಾದ, ತಲೆ ದೊಡ್ಡದಾದ ಮನುಷ್ಯರು, ಜ್ಯಾಕ್ ಅವರನ್ನು ಬಾಣ ಬಿಟ್ಟು ಕೊಲ್ಲುತ್ತಾನೆ. ಸಿನಿಮಾದಲ್ಲಿ ನೋಡಿದ್ದು, ಬರೆದಿದ್ದಾನೆ. ಅದನ್ನು ಅವನು ಗಟ್ಟಿಯಾಗಿ ಓದುತ್ತಿರುವಾಗ ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಅವನೂ ಅರ್ಧ ವಾಕ್ಯಕ್ಕೆ ನಿಲ್ಲಿಸಿದ.

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಒಂದು ಊರಿನ ಹೆಸರು ಸ್ವರ್ಗ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಗುಡ್ಡಗಳ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರುಹೂವಿಗೆ ಬರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು. ಬಾವಿ ಮುಚ್ಚಿಡಿ ಎಂದು ಹೇಳಿದರೆ ಬಾವಿ ಮುಚ್ಚಬಹುದು. ತೋಡು ಮುಚ್ಚುವುದು ಹೇಗೆ, ದಂಬೆಯಲ್ಲಿ ಹರಿಯುವ ನೀರು ಮುಚ್ಚುವುದು ಹೇಗೆ? ಮೊದಲು ಹಸುಗಳು ಅಂಗವಿಕಲ ಕರು ಹಾಕಿದ್ದನ್ನು ಗಮನಿಸಿ ಬರೆದವರು ನಮ್ಮದೇ ಕೃಷಿ ಪತ್ರಕರ್ತ ಶ್ರೀ ಪಡ್ರೆ. ಆಮೇಲೆ ಮಕ್ಕಳು. ಹೋರಾಟ ಎಷ್ಟೋ ವರ್ಷ ನಡೆದು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನ್ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ಹೇಳಿತು.

ಬಕನ ಕಥೆಯ ಅಷ್ಟೂ ಅಂಗ ಇಲ್ಲಿವೆ. ಕೇಳಲು ನ್ಯಾಯವಾದ ಕಾರಣವಿದೆ, ಬೆಳೆ ಉಳಿಸಬೇಕು. ದೂರದಲ್ಲಿ ಕೂತ ರಾಜನಿದ್ದಾನೆ. ವರ್ಷಕ್ಕೆ ಇಂತಿಷ್ಟು ಸಲ ಎಂದು ಬರುವ ಹೆಲಿಕಾಪ್ಟರಿದೆ. ಅದನ್ನು ನೋಡಲು ಅಂಗಳಕ್ಕೆ ಓಡಿ ಬರುತ್ತಿದ್ದ ಮಕ್ಕಳಿದ್ದರು. ಇದನ್ನು ಬರೆಯಬೇಡಿ ಎಂದು ನಾನು ಹೇಳುವುದಿಲ್ಲ, ಬರೆಯಲೇಬೇಕು. ಆದರೆ ಹಾಲಿವುಡ್ ಬಕನ ಕಡೆಗೆ ಬಾಣ ಬಿಡುವ ಬದಲು ಬಂಡಿಯಲ್ಲಿ ಕೂತವನ ಕಡೆಗೆ ಬಿಡುತ್ತದೆ, ವಿಷ ಕುಡಿದವರನ್ನೇ ರಾಕ್ಷಸರನ್ನಾಗಿ ಮಾಡುತ್ತದೆ. ನಮ್ಮ ಊರಿನಲ್ಲಿ ಕೂತು ಆ ಪುಟ ಬರೆಯಲು ಕೈ ಬರಬಾರದು. ಅಂಥ ಮಗು ಕಥೆಯಲ್ಲಿ ಬರಲಿ, ಹೆಸರಿರಲಿ, ಮಾತಿರಲಿ, ಬೇಕಾದರೆ ನಾಯಕನಿಗಿಂತ ಜಾಣತನವಿರಲಿ, ಸಿಟ್ಟು ಹಠವೂ ಇರಲಿ. ಹುಡುಗ ಆರನೇ ಪುಟ ಹರಿದ. ನಾನು ಹೇಳಿದ್ದಕ್ಕಲ್ಲ.

ಇನ್ನೂ ಹತ್ತಿರದ ಉದಾಹರಣೆ ಈ ಮಕ್ಕಳೇ ಕಂಡದ್ದು. 2020ರ ಮಾರ್ಚಿನಲ್ಲಿ ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಕೊರೋನ ಹರಡದಿರಲಿ ಎಂಬುದು ಕಾರಣ, ಕಾರಣ ಸುಳ್ಳೇನಲ್ಲ. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ತಲಪಾಡಿಯಲ್ಲಿ ಆಂಬುಲೆನ್ಸ್ ತಿರುಗಿ ಬಂತು, ಚಿಕಿತ್ಸೆ ಸಿಗದೆ ಜೀವ ಹೋದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ಪ್ರೈಮರಿಯಲ್ಲಿದ್ದ ಹುಡುಗಿಯೊಬ್ಬಳು ಈಗ ಬರೆಯುತ್ತಿರುವ ಕಥೆಯಲ್ಲಿ ಗೋಡೆಯಿಲ್ಲ, ಮುಳ್ಳುತಂತಿಯಿಲ್ಲ, ಪಹರೆಯ ರೋಬೋಟಿಲ್ಲ. ರಸ್ತೆಯ ಮಧ್ಯೆ ಒಂದು ಕೆಂಪು ಮಣ್ಣಿನ ರಾಶಿ ಅಷ್ಟೇ, ಅದರ ಮೇಲೆ ಹುಲ್ಲು ಬೆಳೆದಿದೆ. ಎಷ್ಟು ವರ್ಷದ ಹಿಂದೆ ಸುರಿದರು, ಯಾಕೆ ಸುರಿದರು ಎಂದು ಊರಿನಲ್ಲಿ ಯಾರಿಗೂ ನೆನಪಿಲ್ಲ, ಆದರೂ ಯಾರೂ ದಾಟುವುದಿಲ್ಲ. ಆ ಹುಲ್ಲಿನ ವಿವರಕ್ಕೆ ನಾನು ಬಹುಮಾನ ಕೊಡುತ್ತಿದ್ದೆ, ಕೊಡಲು ಇದ್ದರೆ.

ಗಡಿನಾಡಿನ ಮಕ್ಕಳು ಬರೆಯುವಾಗ ಸುಲಭಕ್ಕೆ ಸಿಗುವ ಖಳನಾಯಕನೂ ಒಬ್ಬನಿದ್ದಾನೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ನೆಲ ಇದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಆ ನೋವು ಮನೆ ಮನೆಯಲ್ಲಿದೆ. ಹಾಗಾಗಿ ವರ್ಷಕ್ಕೊಂದಾದರೂ ಕಥೆಯಲ್ಲಿ ಕನ್ನಡ ಮಾತಾಡಿದರೆ ನಾಲಗೆ ಕತ್ತರಿಸುವ ಮಲಯಾಳಿ ಚಕ್ರವರ್ತಿ ಬರುತ್ತಾನೆ. ಬರೆದ ಹುಡುಗನ ಪ್ರಾಣಸ್ನೇಹಿತ ಮಲಯಾಳಂ ಮಾತಾಡುವವನು, ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಾರೆ. ಇಂಥ ಖಳನ ಬಗ್ಗೆ ನನ್ನ ತಕರಾರು ನೀತಿಯದ್ದಲ್ಲ, ಕಸುಬಿನದ್ದು. ನಾಲಗೆ ಕತ್ತರಿಸುವ ರಾಜನ ಎದುರು ಎಲ್ಲರೂ ದಂಗೆ ಏಳುತ್ತಾರೆ, ಕಥೆ ಹತ್ತು ಪುಟಕ್ಕೆ ಮುಗಿಯುತ್ತದೆ. ಯಾರೂ ಕತ್ತರಿಸದೆ, ಯಾರೂ ಬೈಯದೆ, ಅರ್ಜಿ ಬರೆಯಲು ಆ ಭಾಷೆ ಬೇಡವಾಗಿ, ಕೆಲಸಕ್ಕೆ ಬೇಡವಾಗಿ, ಕೊನೆಗೆ ಅಜ್ಜಿಯೊಬ್ಬಳ ಜೊತೆ ಜಗಳವಾಡಲು ಮಾತ್ರ ಉಳಿದ ಭಾಷೆಯ ಬಗ್ಗೆ ಬರೆದು ನೋಡಿ. ಅದು ಇನ್ನೂರು ಪುಟ ಓಡುತ್ತದೆ.

ಹೆತ್ತವರ ಪ್ರಶ್ನೆಗೆ ಉತ್ತರ ಬಾಕಿ ಇದೆ. ರಕ್ತ ಜಾಸ್ತಿ ಎನ್ನುವುದಾದರೆ, ನಾಲ್ಕು ವರ್ಷದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನಾವು ಇಡೀ ರಾತ್ರಿ ನೋಡುವ ಯಕ್ಷಗಾನದ ಆಟದಲ್ಲಿ ನರಸಿಂಹ ಕರುಳು ಬಗೆಯುತ್ತಾನೆ, ಭೀಮ ದುಶ್ಶಾಸನನ ರಕ್ತ ಕುಡಿಯುತ್ತಾನೆ. ಮಕ್ಕಳು ಹೆದರಿದರು, ಬೆಳೆದರು, ಏನೂ ಆಗಲಿಲ್ಲ. ಈ ಕಾದಂಬರಿಗಳಲ್ಲಿ ನೋಡಬೇಕಾದ್ದು ಎಷ್ಟು ಜನ ಸತ್ತರು ಎಂದಲ್ಲ. ಸತ್ತವರ ಹೆಸರು ಮುಂದಿನ ಅಧ್ಯಾಯದಲ್ಲಿ ಯಾರಿಗಾದರೂ ನೆನಪಿದೆಯೇ ಎಂದು. ನೆನಪಿಲ್ಲದಿದ್ದರೆ ಅದು ಕಳಪೆ ಪುಸ್ತಕ, ಮಗುವಿನ ಕೈಯಿಂದ ಕಿತ್ತುಕೊಳ್ಳುವ ಅಗತ್ಯವಿಲ್ಲ, ಮಗುವೇ ಅರ್ಧ ಓದಿ ಬಿಡುತ್ತದೆ.

ನ್ಯೂಯಾರ್ಕ್ ಮುಳುಗಿಸಿದ ಹುಡುಗ ಹೊಸ ನೋಟುಪುಸ್ತಕ ತಂದ. ಜ್ಯಾಕ್ ಹೋಗಿದ್ದಾನೆ, ಈ ಹುಡುಗನಿಗೆ ಇನ್ನೂ ಹೆಸರಿಲ್ಲ. ಅವನ ಊರಿನಲ್ಲಿ ಮನೆಗೆ ದಿನಕ್ಕೆ ಎರಡು ಕೊಡಪಾನ ನೀರು. ಹದಿನಾಲ್ಕು ತುಂಬಿದವರು ವರ್ಷಕ್ಕೆ ಹತ್ತು ಕೋಲು ಸುರಂಗ ತೋಡಿ ಕೊಡಬೇಕು, ಯಾಕೆಂದರೆ ಸಪೂರ ಮೈಯವರೇ ಒಳಗೆ ಹೋಗಬಲ್ಲರು, ಇದು ಯಾರಿಗೂ ಅನ್ಯಾಯವಲ್ಲ, ಎಲ್ಲ ಮನೆಗೂ ಒಂದೇ. ಮೂರನೇ ಅಧ್ಯಾಯದಲ್ಲಿ ಹುಡುಗ ಒಳಗಿದ್ದಾನೆ, ಎಂಬತ್ತನೇ ಕೋಲಿನಲ್ಲಿ. ದೀಪ ಸಣ್ಣದಾಗುತ್ತದೆ, ಸಣ್ಣದಾಗುತ್ತದೆ, ನಂದುತ್ತದೆ.

“ನಂದಿದ ಮೇಲೆ ಎಷ್ಟು ಹೊತ್ತು ಉಂಟು ಟೀಚರ್ ಅವನಿಗೆ?” ಎಂದು ಕೇಳಿದ.

ನಿನ್ನ ಅಜ್ಜನನ್ನು ಕೇಳು ಎಂದೆ. ಅವರು ಪ್ರಾಯದಲ್ಲಿ ಸುರಂಗ ತೋಡಿದವರು.

ಮರುದಿನ ಮುಖ ಸಣ್ಣ ಮಾಡಿಕೊಂಡು ಬಂದ. “ನಂದುವವರೆಗೆ ನೋಡ್ತಾ ಕೂರುವವ ಸುರಂಗದವನೇ ಅಲ್ಲ ಅಂತೆ. ಬೆಂಕಿ ಅಲುಗಿ ಸಣ್ಣ ಆಗುವಾಗಲೇ ತಿರುಗಿ ಬರಬೇಕಂತೆ. ಅಜ್ಜ ನಗಾಡಿದ್ರು.” ನೋಟುಪುಸ್ತಕ ತೆರೆದು ಮೂರನೇ ಅಧ್ಯಾಯದ ಹನ್ನೊಂದು ಪುಟಕ್ಕೂ ಮೂಲೆಯಿಂದ ಮೂಲೆಗೆ ಗೀಟು ಎಳೆಯಲು ಕೂತ.